ಕಲ್ಲು ನೆಟ್ಟವರ ಮನೆ

ಹೊಸ ಕಂಪ್ಯೂಟರ್ ಆಟದಲ್ಲಿ ಬಾಗಿಲುಗಳೇ ತೆರೆಯುವುದಿಲ್ಲ ಎಂಬುದು ಮೋಹನ್ ಕುಮಾರನ ದೂರು. ಬೆಟ್ಟ, ಕಣಿವೆ, ನದಿ ಎಲ್ಲ ಕಣ್ಣಿಗೆ ಕಟ್ಟುವಂತಿವೆ, ಡ್ರ್ಯಾಗನ್ ಹಾರಿದರೆ ಹುಲ್ಲು ಬಾಗುತ್ತದೆ, ಆದರೆ ಊರೊಳಗೆ ಹೋದರೆ ಮನೆಗಳೆಲ್ಲ ರಟ್ಟಿನ ಪೆಟ್ಟಿಗೆಗಳು. ಹಳೆಯ ಆಟ ಹಾಗಲ್ಲ. ಅದರ ಜನರ ಮುಖ ಬೇಯಿಸಿದ ಆಲೂಗಡ್ಡೆಯಂತಿದ್ದರೂ ಒಬ್ಬೊಬ್ಬರಿಗೂ ಒಂದೊಂದು ಮನೆಯಿದೆ. ಬೆಳಿಗ್ಗೆ ಎದ್ದು ಕೆಲಸಕ್ಕೆ ಹೋಗುತ್ತಾರೆ, ಕತ್ತಲಾದರೆ ಬಂದು ಉಣ್ಣುತ್ತಾರೆ.

"ಹೊಸದ್ರಲ್ಲಿ ಅರ್ಧ ಗಂಟೆ ಕುದುರೆ ಓಡ್ಸಿದ್ರೂ ಪ್ರಪಂಚ ಮುಗಿಯಲ್ಲ ಮಗಾ," ಎಂದು ಧ್ರುವ ವಾದಿಸುತ್ತಿದ್ದ.

"ಮುಗಿಯಲ್ಲ, ಸರಿ. ಆ ಅರ್ಧ ಗಂಟೇಲಿ ಒಬ್ಬನಾದ್ರೂ ಊಟ ಆಯ್ತಾ ಅಂತ ಕೇಳಿದ್ನಾ?"

"ರಾಕ್ಷಸನ್ನ ಕೊಲ್ಲಕ್ಕೆ ಹೋಗೋನಿಗೆ ಊಟ ಯಾಕೋ? ನಿಮ್ಮನೇಲಿ ಎಲ್ಲಾನೂ ಮುದ್ದೇಲೇ ಅಳೀತೀರ ಗುರು ನೀವು."

ಈ ಜಗಳ ನಡೆಯುತ್ತಿದ್ದುದು ಮೂಡಲಪಾಳ್ಯದಲ್ಲಿ, ಮೋಹನನ ಮನೆಯ ತಾರಸಿ ಕೋಣೆಯಲ್ಲಿ, ಹೆಚ್ಚಾಗಿ ಭಾನುವಾರದ ಮಧ್ಯಾಹ್ನಗಳಲ್ಲಿ. ಮೋಹನ ನಾಗರಬಾವಿಯ ಒಂದು ಕಂಪ್ಯೂಟರ್ ರಿಪೇರಿ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದ. ಧ್ರುವ ಅನ್ನಪೂರ್ಣೇಶ್ವರಿ ನಗರದ ಮೇಷ್ಟರೊಬ್ಬರ ಮಗ, ಕೋಡ್ ಬರೆಯುವುದರಲ್ಲಿ ಗಟ್ಟಿಗ. ವಾದ ಎಷ್ಟು ನಡೆದರೂ ಇಬ್ಬರೂ ಕೊನೆಗೆ ಕೂರುತ್ತಿದ್ದುದು ಹಳೆಯ ಆಟದ ಮುಂದೆಯೇ. ಏಕೆಂದರೆ ಅದಕ್ಕೆ 'ಮಾಡ್', ಅಂದರೆ ಆಡುವವರೇ ಕಟ್ಟಿ ಸೇರಿಸುವ ಹೊಸ ಭಾಗ, ಮಾಡಬಹುದಿತ್ತು. ಆಟ ಮಾಡಿದವರು ಅದನ್ನು ಕಟ್ಟಿದ ಸಲಕರಣೆಯನ್ನೇ ಜನಕ್ಕೆ ಬಿಟ್ಟುಕೊಟ್ಟಿದ್ದರು. ಬೇಕಾದವರು ಬೇಕಾದ ಮನೆ ಕಟ್ಟಬಹುದು, ಮರ ನೆಡಬಹುದು, ಜನರನ್ನು ತಂದು ಇರಿಸಬಹುದು.

ಮೋಹನ ಕಟ್ಟುತ್ತಿದ್ದುದು ಮೂಡಲಪಾಳ್ಯವನ್ನೇ. ಈಗಿನದಲ್ಲ. ಸೈಟು, ಲೇಔಟು ಎಂಬ ಮಾತುಗಳು ಬರುವುದಕ್ಕೆ ಮುಂಚಿನದು. ಅದನ್ನು ಅವನು ಕಂಡಿರಲಿಲ್ಲ. ಕಂಡಿದ್ದವರು ಅವನ ತಾತ ಬೈರಪ್ಪ. ಮಂಡಿನೋವಿದ್ದರೂ ಮೆಟ್ಟಿಲ ಕಂಬಿ ಹಿಡಿದು ಮೂರು ಅಂತಸ್ತು ಹತ್ತಿ ಬಂದು, ಪ್ಲಾಸ್ಟಿಕ್ ಕುರ್ಚಿಯ ಮೇಲೆ ಒಂದು ಕಾಲು ಮಡಿಸಿ ಕುಳಿತು, ಟವೆಲನ್ನು ಎಡಭುಜದಿಂದ ತೆಗೆದು ತೊಡೆಯ ಮೇಲೆ ಹಾಕಿಕೊಂಡು ಅವರು ಹೇಳುತ್ತಿದ್ದರು.

"ಹೊಂಬಮ್ಮನ ಮನೆ ಅಲ್ಲಲ್ಲ ಕಣ್ಲಾ, ಇನ್ನೂ ಇತ್ಲಾಗೆ. ಬಾಗ್ಲು ತೆಗೆದ್ರೆ ಹುಣಸೆಮರ ಕಾಣ್ಬೇಕು. ಹಾ, ಅಲ್ಲಿ. ಆ ಗೋಡೆ ಅಷ್ಟು ನೆಟ್ಟಗಿರ್ಲಿಲ್ಲ. ಒಸಿ ಹೊಟ್ಟೆ ಬಂದಿತ್ತು."

ಮೋಹನ ಗೋಡೆಗೆ ಹೊಟ್ಟೆ ಬರಿಸುತ್ತಿದ್ದ. ಹೀಗೆ ಕೆರೆ ಬಂತು, ರಾಗಿ ಹೊಲ ಬಂತು, ಮಾರಮ್ಮನ ಗುಡಿ ಬಂತು. ತಾತ ಹೇಳಿದ ಹೆಸರುಗಳ ಜನ ಬಂದರು. ಎಲ್ಲರೂ ಸತ್ತು ಎಷ್ಟೋ ಕಾಲವಾಗಿದ್ದವರು. ಸಂಜೆಯಾದರೆ ಜನರಿರುವ ಮನೆಯ ಒಲೆ ಹೊತ್ತಿಕೊಳ್ಳಬೇಕು, ನೀರು ಸುರಿದರೆ ಆರಬೇಕು ಎಂದು ಧ್ರುವ ಕೋಡ್ ಬರೆದುಕೊಟ್ಟ. ತಮ್ಮ ಹಳೆಯ ಮನೆಯನ್ನೂ ಮೋಹನ ಕಟ್ಟಿದ, ತೊಟ್ಟಿ, ಕೊಟ್ಟಿಗೆ ಸಮೇತ. ಆದರೆ ಅದರಲ್ಲಿ ಯಾರನ್ನೂ ಇರಿಸಲಿಲ್ಲ. ಯಾರನ್ನು ಇರಿಸುವುದು ಎಂದು ತಾತನೂ ಹೇಳಲಿಲ್ಲ.

ಎಲ್ಲ ಆದ ಮೇಲೂ ಒಂದು ತೊಡಕು ಉಳಿಯಿತು. ಊರ ಜನ ಮನೆಯೊಳಕ್ಕೆ ಹೋಗುತ್ತಿರಲಿಲ್ಲ. ಆಟದಲ್ಲಿ ಹೊತ್ತು ಮುಳುಗುವಾಗ ಹೊಲದಿಂದ ಬಂದು ಹುಣಸೆಮರದ ಹತ್ತಿರ ಗುಂಪಾಗಿ ನಿಂತುಬಿಡುತ್ತಿದ್ದರು, ಬಾಗಿಲುಗಳತ್ತ ಮುಖ ಮಾಡಿಕೊಂಡು. ಬೆಳಗಾಗುವವರೆಗೂ ಹಾಗೆಯೇ. ಜನ ನಡೆಯುವ ದಾರಿಯನ್ನು ನೆಲದ ಮೇಲೆ ಗೆರೆ ಹಾಕಿ ತೋರಿಸಬೇಕು. ಧ್ರುವ ಆ ಗೆರೆಗಳನ್ನೆಲ್ಲ ಅಳಿಸಿ ಮತ್ತೆ ಹಾಕಿದ. ಏನೂ ತಪ್ಪಿರಲಿಲ್ಲ. ಆದರೂ ಅವರು ನಿಂತೇ ಇದ್ದರು.

"ಒಳ್ಳೆ ರೇಷನ್ ಅಂಗಡಿ ಮುಂದೆ ನಿಂತಂಗೆ ನಿಂತವ್ರೆ," ಎಂದ ಧ್ರುವ.

ತಾತ ನಗಲಿಲ್ಲ. ತೆರೆಯನ್ನು ಬಹಳ ಹೊತ್ತು ನೋಡಿದರು.

"ಕರುಗಲ್ಲು ಎಲ್ಲಿ?" ಎಂದರು.

ಊರು ಕಟ್ಟುವಾಗ ಮೊದಲು ನಡುಬೀದಿಯಲ್ಲಿ ನೆಡುವ ಕಲ್ಲು ಅದು. ಅದಕ್ಕೆ ಪೂಜೆಯಾದ ಮೇಲೆಯೇ ಗೋಡೆ, ಸೂರು. ದನಕ್ಕೆ ರೋಗ ಬಂದರೆ ಆ ಕಲ್ಲನ್ನು ದಾಟಿಸುತ್ತಿದ್ದರು. ಮೂಡಲಪಾಳ್ಯದ ಕಲ್ಲು ಈಗಲೂ ಇತ್ತು, ಮೋಹನನ ಮನೆಯಿಂದ ಎರಡು ತಿರುವು ಆಚೆ. ಬೀದಿಗೆ ಪದರದ ಮೇಲೆ ಪದರ ಟಾರು, ಕಾಂಕ್ರೀಟು ಬಿದ್ದು ಅದರ ನೆತ್ತಿ ಮಾತ್ರ ಗೇಣಷ್ಟು ಹೊರಗಿತ್ತು. ಯಾರೋ ಅದಕ್ಕೆ ಕುಂಕುಮ ಇಡುತ್ತಿದ್ದರು, ಯಾರೋ ಸ್ಕೂಟರಿನ ಚಕ್ರವನ್ನು ಅದಕ್ಕೆ ಆನಿಸಿ ನಿಲ್ಲಿಸುತ್ತಿದ್ದರು.

"ಕಲ್ಲು ನೆಡದೆ ಜನ ಹೆಂಗ್ಲಾ ಒಕ್ಕಲಾಗ್ತಾರೆ?" ಎಂದರು ತಾತ.

"ಅಷ್ಟೇ ತಾನೆ ತಾತ, ಈಗ್ಲೇ ನೆಡ್ತೀನಿ ಬಿಡು."

"ಬ್ಯಾಡ." ತಾತ ಟವೆಲನ್ನು ಭುಜಕ್ಕೆ ಹಾಕಿಕೊಂಡು ಎದ್ದರು. "ಕಲ್ಲಿಲ್ದಿದ್ರೆ ಆಟ. ಕಲ್ಲು ನೆಟ್ರೆ ಊರು. ಊರು ಅಂತಾದ್ಮೇಲೆ, ನೆಟ್ಟೋರು ಯಾರು ಅಂತ ಕೇಳ್ತದೆ. ಅವ್ರು ಅಲ್ಲೇ ನಿಂತಿರ್ಲಿ ಬುಡು. ಏನೀಗ?"

ಮುಂದಿನ ಶುಕ್ರವಾರ ಅಂಗಡಿಗೆ ರಜೆಯಿತ್ತು. ತಾತ ಊಟ ಮಾಡಿ ಮಲಗಿದ್ದರು. ಮೋಹನ ಫೋನು ತೆಗೆದುಕೊಂಡು ಹೋಗಿ ಬೀದಿಯ ಕಲ್ಲಿನ ಫೋಟೋ ತೆಗೆದ. ಸ್ಕೂಟರಿನವನು ಬಂದು, "ಏನಣ್ಣ, ನಂಬರ್ ಪ್ಲೇಟ್ ಫೋಟೋನಾ?" ಎಂದು ಗಾಬರಿಯಾದ. "ಇಲ್ಲ, ಕಲ್ಲಿಂದು," ಎಂದರೆ ಅವನಿಗೆ ಇನ್ನೂ ಗಾಬರಿಯಾಯಿತು. ಮನೆಗೆ ಬಂದು ಮೋಹನ ಕಲ್ಲನ್ನು ಪೂರ್ತಿ ಎತ್ತರಕ್ಕೆ ಮಾಡಿದ. ಹೂತಿರುವ ಭಾಗ ಹೇಗಿದೆಯೋ ಗೊತ್ತಿರಲಿಲ್ಲ, ಅಂದಾಜಿನಲ್ಲಿ ಮಾಡಿದ. ನಡುಬೀದಿಯಲ್ಲಿ ನಿಲ್ಲಿಸಿ ಆಟ ಶುರು ಮಾಡಿದ.

ಆಟದಲ್ಲಿ ಹೊತ್ತು ಮುಳುಗಿತು. ಹೊಲದಿಂದ ಜನ ಬಂದರು. ಹುಣಸೆಮರದ ಹತ್ತಿರ ನಿಲ್ಲಲಿಲ್ಲ. ಹೊಂಬಮ್ಮ ಕಲ್ಲಿನ ಪಕ್ಕ ಹಾದು ತನ್ನ ಬಾಗಿಲು ತಳ್ಳಿ ಒಳಗೆ ಹೋದಳು. ಅವಳ ಹಿಂದೆ ಒಬ್ಬೊಬ್ಬರೇ ಹೋದರು. ಬಾಗಿಲುಗಳು ಮುಚ್ಚಿಕೊಂಡವು, ಸೂರುಗಳಿಂದ ಹೊಗೆ ಎದ್ದಿತು. ಮೋಹನ ಖುಷಿಯಿಂದ ಊರೆಲ್ಲ ಸುತ್ತಿದ. ಸುತ್ತುವಾಗ, ತಮ್ಮ ಮನೆಯ ಸೂರಿನಿಂದಲೂ ಹೊಗೆ ಏಳುತ್ತಿರುವುದು ಕಂಡಿತು.

ಒಳಗೆ ಹೋಗಿ ನೋಡಿದ. ಒಲೆ ಉರಿಯುತ್ತಿತ್ತು. ಅದರ ಮುಂದೆ ಬಾಗಿಲಿಗೆ ಬೆನ್ನು ಮಾಡಿ ಒಬ್ಬ ಗಂಡಸು ಒಂದು ಕಾಲು ಮಡಿಸಿ ಕುಳಿತಿದ್ದ. ಸುತ್ತು ಹಾಕಿಕೊಂಡು ಎದುರಿಗೆ ಹೋಗಲು ಒಲೆ ಅಡ್ಡವಿತ್ತು. ಮಾತಾಡಿಸುವ ಗುಂಡಿ ಒತ್ತಿದರೂ ಅವನು ತಿರುಗಲಿಲ್ಲ.

ಧ್ರುವನಿಗೆ ಫೋನು ಮಾಡಿದ. "ನಮ್ಮನೇಲಿ ಯಾರನ್ನೋ ಕೂರ್ಸಿದೀಯ?"

"ನಾನ್ಯಾಕೆ ಕೂರ್ಸ್ಲಿ? ಬಾಡಿಗೆಗೆ ಬಿಡೋದು ನಿಮ್ಮ ಕಸುಬು ಕಣೋ."

"ತಮಾಷೆ ಬೇಡ ಮಗಾ."

"ತಮಾಷೆ ನೀನು ಮಾಡ್ತಿರೋದು. ಅಡ್ವಾನ್ಸ್ ಇಸ್ಕೊಂಡಿದೀಯ ತಾನೆ?"

ಅಂದು ರಾತ್ರಿ ಮೋಹನನ ತಾಯಿ ವಿಮಲಮ್ಮ ಮುದ್ದೆ ಮುಂದಿಟ್ಟಾಗ ತಾತ ತಟ್ಟೆಯನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿದರು.

"ಬ್ಯಾಡ ಕಣವ್ವ. ಉಂಡೆ."

"ಎಲ್ಲಿ ಉಂಡ್ರಿ ಮಾವ?"

"ಉಂಡೆ," ಎಂದಷ್ಟೇ ಹೇಳಿ ಗೋಡೆಗೆ ಒರಗಿದರು.

ಮರುದಿನವೂ ಹಾಗೆಯೇ ಆಯಿತು. ಬೆಳಿಗ್ಗೆ ಕಾಫಿ ಕುಡಿಯುತ್ತಿದ್ದರು, ಮಧ್ಯಾಹ್ನ ಎರಡು ತುತ್ತು. ಸಂಜೆ ದೀಪ ಹಚ್ಚುವ ಹೊತ್ತಿಗೆ ಗೋಡೆಗೆ ಒರಗಿ ಕಣ್ಣು ಮುಚ್ಚಿಕೊಂಡರೆ ಯಾರು ಕರೆದರೂ ಓಗೊಡುತ್ತಿರಲಿಲ್ಲ. ಊಟದ ಹೊತ್ತು ಮೀರಿದ ಮೇಲೆ ಕಣ್ಣು ಬಿಟ್ಟು "ಉಂಡೆ" ಎನ್ನುತ್ತಿದ್ದರು. ತೋಳು ಸಣ್ಣಗಾದವು, ಕೆನ್ನೆ ಒಳಕ್ಕೆ ಹೋಯಿತು. ಮೂಡಲಪಾಳ್ಯ ಸರ್ಕಲ್ಲಿನ ಡಾಕ್ಟರು ನೋಡಿ, ರಕ್ತ ಪರೀಕ್ಷೆ ಮಾಡಿಸಿ, ವಯಸ್ಸಿನದೇ ಹೊರತು ಬೇರೇನೂ ಇಲ್ಲ, ಹೀಗೇ ಊಟ ಬಿಟ್ಟರೆ ಮಾತ್ರ ಉಳಿಯುವುದು ಕಷ್ಟ ಎಂದರು.

ಒಂದು ಬೆಳಿಗ್ಗೆ ವಿಮಲಮ್ಮ ತಾತನ ಟವೆಲು ಒಗೆಯಲು ತೆಗೆದವರು ಮೂಗಿಗೆ ಹಿಡಿದು ನಿಂತರು. "ಮೋಹನಾ, ಇಲ್ಲಿ ಬಾ. ಮೂಸು."

ಸೌದೆ ಹೊಗೆಯ ವಾಸನೆ. ಈ ಮನೆಯಲ್ಲಿ ಸೌದೆ ಒಲೆ ಹೋಗಿ ಇಪ್ಪತ್ತು ವರ್ಷದ ಮೇಲಾಗಿತ್ತು.

ಮೋಹನ ಆ ಟವೆಲನ್ನೇ ನೋಡಿದ. ನೀಲಿ ಅಂಚು, ಒಂದು ಮೂಲೆಯಲ್ಲಿ ಹೊಲಿದ ತೂತು. ಮೇಲೆ ಹೋಗಿ ಆಟ ತೆರೆದ. ಒಲೆಯ ಮುಂದಿನವನ ತೊಡೆಯ ಮೇಲಿನಿಂದ ಇಳಿಬಿದ್ದ ಬಟ್ಟೆಯ ಹತ್ತಿರ ಹೋದ. ನೀಲಿ ಅಂಚಿತ್ತು. ಮೂಲೆಯಲ್ಲಿ ಹೊಲಿಗೆಯಿತ್ತು.

ಧ್ರುವ ಸಂಜೆಯೇ ಬಂದ. ಮೊದಲು ನಕ್ಕ, ತೆರೆ ನೋಡಿದ ಮೇಲೆ ನಗು ಬಿಟ್ಟ. ಸಲಕರಣೆಯಲ್ಲಿ ಊರ ಜನರ ಹೆಸರುಗಳನ್ನೆಲ್ಲ ತೆಗೆದು ಹುಡುಕಿದ. ಹೊಂಬಮ್ಮ ಇದ್ದಳು, ಚಿಕ್ಕ ಮುನಿಯಪ್ಪ ಇದ್ದ. ಒಲೆಯ ಮುಂದಿನವನು ಇರಲಿಲ್ಲ.

"ಹೆಸರೇ ಇಲ್ವಲ್ಲೋ. ಇಲ್ದೇ ಇರೋನ್ನ ಹೆಂಗೆ ಡಿಲೀಟ್ ಮಾಡೋದು?"

"ಪೂರ್ತಿ ಮಾಡ್‌ನೇ ತೆಗೆದುಬಿಡೋಣ. ಊರೇ ಹೋಗ್ಲಿ."

ಧ್ರುವ ಅವನ ಕೈ ಹಿಡಿದ. "ಆಟದ ಮಧ್ಯ ಮಾಡ್ ತೆಗೀಬಾರ್ದು ಅಂತ ನನಗೆ ಹೇಳ್ಕೊಟ್ಟಿದ್ದೇ ನೀನು. ತೆಗೆದ್ರೆ ಒಳಗೆ ಇರೋರು ಏನಾಗ್ತಾರೆ?"

ಮೋಹನ ಮೌಸಿನಿಂದ ಕೈ ಹಿಂದೆಗೆದ. ಆಟದ ಫೈಲು ಕೆಟ್ಟು, ಒಳಗಿದ್ದವರೂ ಅದರ ಜೊತೆ ಹೋಗುತ್ತಾರೆ. ಮತ್ತೆ ಸಿಗುವುದಿಲ್ಲ.

ಅಷ್ಟರಲ್ಲಿ ಒಣಗಿದ ಬಟ್ಟೆ ತೆಗೆಯಲು ತಾರಸಿಗೆ ಬಂದ ವಿಮಲಮ್ಮ ಬಾಗಿಲಲ್ಲಿ ನಿಂತು ತೆರೆಯ ಕಡೆ ನೋಡಿದರು. ಅವರು ಮದುವೆಯಾಗಿ ಬಂದು ಅಕ್ಕಿ ಒದ್ದು ಒಳಗೆ ಕಾಲಿಟ್ಟ ಮನೆ ಅದು. ಆ ಒಲೆಯ ಮುಂದೆ ಅವರು ಎಷ್ಟೋ ವರ್ಷ ಊದಿದ್ದರು. ಬೆನ್ನು ನೋಡಿಯೇ ಗುರುತು ಹಿಡಿದರು.

"ಮಾವ ಅಲ್ವೇನೋ ಇದು. ಯಾಕೋ ಅವರನ್ನ ಅಲ್ಲಿ ಕೂರ್ಸಿದೀಯ?"

"ನಾನು ಕೂರ್ಸಿಲ್ಲಮ್ಮ."

ವಿಮಲಮ್ಮ ಕೈಯಲ್ಲಿದ್ದ ಬಟ್ಟೆಗಳನ್ನು ಮಂಚದ ಮೇಲೆ ಹಾಕಿದರು. "ಒಲೆ ಉರೀತಾ ಇರೋವರ್ಗೂ ಅವ್ರು ಏಳಲ್ಲ. ನಮ್ಮತ್ತೆ ಇದ್ದಾಗ್ಲೂ ಹಂಗೇ, ಒಲೆ ಆರಿದ್ರೇನೇ ಏಳೋರು. ನೀರು ಹಾಕು."

"ಅಮ್ಮ..."

"ಹಾಕು ಅಂದೆ."

ಮೋಹನ ಆಟದ ಬಾವಿಗೆ ಹೋಗಿ ನೀರು ಸೇದಿದ. ನಡುಬೀದಿಗೆ ಬಂದಾಗ ಮನೆಗಳ ಬಾಗಿಲುಗಳೆಲ್ಲ ಅರ್ಧ ತೆರೆದಿದ್ದವು. ಸಂಜೆಯ ಹೊತ್ತಿಗೆ ಅವು ಮುಚ್ಚಿರಬೇಕಿತ್ತು. ಮೋಹನ ಮನೆಯೊಳಗೆ ಹೋಗಿ ಬೆನ್ನಿನ ಹಿಂದೆ ನಿಂತು, ಭುಜದ ಮೇಲಿಂದ ಬಾಗಿ ಒಲೆಗೆ ನೀರು ಸುರಿದ. ಹೊಗೆ ತೆರೆಯನ್ನೆಲ್ಲ ತುಂಬಿಕೊಂಡಿತು. ಅದು ಕಳೆದಾಗ ಒಲೆಯ ಮುಂದೆ ಯಾರೂ ಇರಲಿಲ್ಲ.

ಕೆಳಗಿನಿಂದ ಕೆಮ್ಮು ಕೇಳಿಸಿತು. ಆಮೇಲೆ ತಾತನ ದನಿ. "ವಿಮಲವ್ವಾ, ಹೊಟ್ಟೆ ಹಸೀತೈತೆ ಕಣವ್ವ."

ವಿಮಲಮ್ಮ ಬಟ್ಟೆಗಳನ್ನು ಮರೆತು ಮೆಟ್ಟಿಲಿಳಿದರು. ಧ್ರುವ ಉಸಿರು ಬಿಟ್ಟು, "ಗುರು, ನಾಳೆಯಿಂದ ಬರೀ ಹೊಸ ಗೇಮು. ಬಾಗ್ಲು ತೆಗಿಯದೇ ಇದ್ರೇನೇ ವಾಸಿ," ಎಂದು ಹೆಲ್ಮೆಟ್ ಎತ್ತಿಕೊಂಡ. ಮೋಹನ ಕಂಪ್ಯೂಟರ್ ಆರಿಸಿ, ಗೋಡೆಯ ಸ್ವಿಚ್ಚನ್ನೂ ಆರಿಸಿ ಅವನನ್ನು ಗೇಟಿನವರೆಗೆ ಬಿಟ್ಟುಬಂದ.

ತಾತ ತಟ್ಟೆಯ ಮುಂದೆ ಕುಳಿತಿದ್ದರು. ಅವರೆಕಾಳು ಸಾರಿನಲ್ಲಿ ಮುದ್ದೆ ಅದ್ದಿ ನುಂಗುತ್ತಿದ್ದರು, ಬಹಳ ದಿನ ಹಸಿದವರಂತೆ. ಮೋಹನನನ್ನು ಕಂಡು ಕೈ ತಡೆದರು.

"ಯಾಕ್ಲಾ ಒಲೆ ಆರ್ಸಿದೆ?"

ಮೋಹನ ಅವರ ಎದುರು ಕೂತ. "ನೀನು ಸಾಯ್ತಿದ್ದೆ ತಾತ."

"ನಂದು ಆಯ್ತಲ್ಲ. ನಾನು ಹೋದ್ರೆ ಏನಾಗ್ತಿತ್ತು?" ತಾತ ವಿಮಲಮ್ಮ ಅಡುಗೆಮನೆಗೆ ಹೋಗುವವರೆಗೆ ಕಾದು, ದನಿ ತಗ್ಗಿಸಿದರು. "ಕಲ್ಲು ನೆಟ್ಟೋರು ಮೊದ್ಲು ಒಕ್ಕಲಾಗ್ಬೇಕು. ಪದ್ಧತಿ ಅದು. ಹುಣಸೆಮರದತ್ರ ನಿಂತಿದ್ರಲ್ಲ, ನೆಟ್ಟಿದ್ದು ಯಾರು ಅಂತ ಅವ್ರು ಬಂದು ಕೇಳಿದ್ರು. ಮನೆ ಕಾಲಿ ಬುಟ್ಟಿದ್ದೆಯಲ್ಲ ನೀನು. ನಾನೇ ಅಂದೆ. ಹೋಗಿ ಕೂತ್ಕೊಂಡೆ."

ಮೋಹನ ಎದ್ದು ನಲ್ಲಿಯ ಹತ್ತಿರ ಹೋಗಿ ಕೈ ತೊಳೆದುಕೊಂಡ. ಹೊರಗೆ ಬೀದಿದೀಪ ಹತ್ತಿತ್ತು. ಯಾರದೋ ಸ್ಕೂಟರ್ ಶುರುವಾಗುವ ಸದ್ದು, ಮೇಲಿನ ಬಾಡಿಗೆಯವರ ಮನೆಯ ಕುಕ್ಕರಿನ ಸೀಟಿ. ಅವನು ಇನ್ನೊಂದು ಸಲ ಸೋಪು ಹಚ್ಚಿ ತೊಳೆದ. ತೊಟ್ಟಿಗೆ ಬೀಳುವ ನೀರು ಒಲೆಯ ಮಸಿ ಕಲೆತಂತೆ ಕಪ್ಪಗೇ ಇತ್ತು.

"ಬಾರೋ, ಎಷ್ಟೊತ್ತು ಕೈ ತೊಳೀತೀಯ," ಎಂದು ವಿಮಲಮ್ಮ ಕರೆದರು. ಮಾವ ಉಣ್ಣುತ್ತಿದ್ದ ಸಂತೋಷ ಅವರ ದನಿಯಲ್ಲಿತ್ತು. ತಟ್ಟೆ ಹಾಕಿ, ಬಿಸಿ ಮುದ್ದೆ ಇಟ್ಟು, ಸಾರು ಬಿಟ್ಟು, ಮೇಲೆ ಒಂದು ಚಮಚ ತುಪ್ಪ ಹಾಕಿದರು.

ಮೋಹನ ಬಂದು ಕುಳಿತ. ಒಂದು ಕಾಲು ಮಡಿಸಿಕೊಂಡ. ತಟ್ಟೆಯನ್ನು ಸ್ವಲ್ಪ ಹೊತ್ತು ನೋಡಿ, ಬೆರಳ ತುದಿಯಿಂದ ಮೆಲ್ಲಗೆ ಪಕ್ಕಕ್ಕೆ ಸರಿಸಿದ.

"ಬೇಡಮ್ಮ," ಎಂದ. "ಉಂಡೆ."

ತಾತನ ಕೈ ತಟ್ಟೆಯ ಮೇಲೆ ಹಾಗೆಯೇ ನಿಂತಿತು.