ಹೊಡೆಯದ ಗಂಟೆ

ನನ್ನ ಮೈದುನನಿಗೆ ಮನೆಯಲ್ಲಿ ಇಟ್ಟ ಹೆಸರು ‘ಹೂಂ ಸಾಹೇಬ’. ಪರದೆಯ ಮೇಲೆ ಏನು ಕೇಳಿದರೂ ಓದದೆ ಹೂಂ ಎಂದು ಒತ್ತುವ ಜಾತಿ. ಆ ಮಧ್ಯಾಹ್ನವೂ ಒತ್ತಿದ. ಒತ್ತಿ, ಮುಖ ಬಿಳಿಚಿಕೊಂಡು ನನ್ನ ಹೊಲಿಗೆ ಮಿಷನ್ ಪಕ್ಕ ಬಂದು ನಿಂತ.

“ಅತ್ತಿಗೆ, ಬೈಬೇಡಿ.”

“ಮೊದ್ಲು ಹೇಳು. ಬೈಯೋದು ಆಮೇಲೆ ಇದ್ದೇ ಇದೆ.”

ಒಳಕೋಣೆಯಲ್ಲಿ ನನ್ನ ಗಂಡ ಆಕ್ಸಿಜನ್ ಮಾಸ್ಕ್ ಹಾಕಿಕೊಂಡು ಮಲಗಿದ್ದರು. ಶ್ವಾಸಕೋಶ ಕೈಕೊಟ್ಟ ಮೇಲೆ ಹಗಲೆಲ್ಲ ಹಾಗೆಯೇ. ಆದರೂ ರೇಡಿಯೋ ರಿಪೇರಿ ಮಾಡಿದ ಕೈ ಸುಮ್ಮನಿರುತ್ತದೆಯೇ? ಯಾರೋ ಎಸೆದ ಹಳೇ ಕಂಪ್ಯೂಟರ್‌ಗೆ ಬಿಟ್ಟಿ ಸಿಗುವ ಓಪನ್ ಸೋರ್ಸ್ ವ್ಯವಸ್ಥೆ ಹಾಕಿ, ರಕ್ತದ ಆಕ್ಸಿಜನ್ ಅಳೆಯುವ ಬೆರಳಿನ ಕ್ಲಿಪ್ಪನ್ನು ಅದಕ್ಕೆ ಜೋಡಿಸಿದ್ದರು. ಆಕ್ಸಿಜನ್ ಇಳಿದರೆ ನನ್ನ ತಲೆಯ ಮೇಲಿನ ಸ್ಪೀಕರಿನಲ್ಲಿ ಗಂಟೆ ಹೊಡೆಯುತ್ತಿತ್ತು. ನಿದ್ದೆಯಲ್ಲಿ ಮಾಸ್ಕ್ ಕಿತ್ತುಹಾಕುವ ಚಾಳಿ ಅವರದು. ನಾನು ಓಡಿಹೋಗಿ, ಬೈದು, ಮಾಸ್ಕ್ ಕೂರಿಸಿ ಬರುತ್ತಿದ್ದೆ.

“ಅಣ್ಣನ ಕಂಪ್ಯೂಟರ್‌ಗೆ ಹೊಸ ಆವೃತ್ತಿ ಹಾಕ್ಬಿಟ್ಟೆ,” ಎಂದ ಮೈದುನ. “ಅದಕ್ಕೆ ಹೊಸ ಪ್ರೊಸೆಸರೇ ಬೇಕಂತೆ. ಇನ್ಮೇಲೆ ಹಳೇದರ ಮೇಲೆ ನಡೆಯಲ್ಲ ಅಂತ ಅದನ್ನ ಮಾಡೋರು ತೀರ್ಮಾನ ಮಾಡಿದಾರಂತೆ. ಗೆಳೆಯನಿಗೆ ಫೋನ್ ಮಾಡ್ದೆ. ಓಡ್ತಾ ಇರೋದು ಓಡ್ತಾ ಇರುತ್ತೆ, ಆಫ್ ಆದ್ರೆ ಮಾತ್ರ ಮತ್ತೆ ಏಳಲ್ಲ ಅಂದ. ಸಂಜೆ ಬೇರೆ ಕಂಪ್ಯೂಟರ್ ತರ್ತಾನೆ.”

ನಾನು ಹೊಲಿಗೆ ಬಿಟ್ಟು ಎದ್ದೆ.

“ನಿನ್ನ ಬೆರಳಿಗೆ ಬೆಂಕಿ ಬೀಳ! ಹೋಗು, ಪ್ಲಗ್ ಹತ್ರನೇ ಕೂತ್ಕೋ. ಇಲಿ ಬಂದ್ರೂ ಬಿಡಬೇಡ.”

ಹೊಲಿಯಲು ಕೂತೆ. ತಲೆಯ ಮೇಲಿನ ದೀಪ ಒಮ್ಮೆ ಮಂಕಾದಾಗ ಜೀವ ಬಾಯಿಗೆ ಬಂತು. ಮತ್ತೆ ಬೆಳಗಿತು. ಗಂಟೆಯ ಸದ್ದಿಲ್ಲ. ಸದ್ಯ, ಹಾಯಾಗಿ ಮಲಗಿದ್ದಾರೆ ಅಂದುಕೊಂಡೆ.

ಆಮೇಲೆ ಮಿಷನ್ ತುಳಿಯುತ್ತಿದ್ದ ನನ್ನ ಕಾಲು ತಾನಾಗಿ ನಿಂತಿತು. ರವಿಕೆಯ ಒಂದು ತೋಳು ಹೊಲಿಯುವಷ್ಟರಲ್ಲಿ ಒಮ್ಮೆಯಾದರೂ ನನ್ನನ್ನು ಎಬ್ಬಿಸುವ ಗಂಡಸು. ಇವತ್ತು ಎರಡು ತೋಳೂ ಮುಗಿದಿದ್ದವು.

ಓಡಿದೆ. ಮೈದುನ ಮೇಜಿನ ಕೆಳಗೆ ನುಸುಳಿ, ಎರಡೂ ಕೈಯಲ್ಲಿ ಪ್ಲಗ್ ಒತ್ತಿ ಹಿಡಿದಿದ್ದ, ಅಣ್ಣನಿಗೆ ಬೆನ್ನು ಹಾಕಿ. ಪರದೆಯಲ್ಲಿ ಅಂಕಿ ಕೆಂಪಾಗಿತ್ತು. ಮಾಸ್ಕ್ ದಿಂಬಿನ ಮೇಲಿತ್ತು. ಇವರ ತುಟಿ ನೀಲಿ.

“ಉಸಿರೆಳೀರಿ! ಎಳೀರಿ ಅಂದೆ!” ಮಾಸ್ಕ್ ಒತ್ತಿ ಹಿಡಿದು ಕೆನ್ನೆಗೆ ಹೊಡೆದೆ. ಗಂಡನಿಗೆ ಹೊಡೆದದ್ದು ಅದೇ ಮೊದಲು. ಎದೆ ಒಮ್ಮೆ ಎದ್ದಿತು, ಇನ್ನೊಮ್ಮೆ ಎದ್ದಿತು. ಅಂಕಿ ಮೇಲೇರತೊಡಗಿದಾಗ ನಾನು ನೆಲದ ಮೇಲೆ ಕುಸಿದು ಗೊಳೋ ಎಂದು ಅತ್ತೆ.

ಬಣ್ಣ ಮರಳಿದ ಮೇಲೆ ತಮ್ಮನಿಂದ ಎಲ್ಲ ಕೇಳಿ, ಏದುಸಿರಿನಲ್ಲೇ ಹೇಳಿದರು. “ಅಂಕಿ ನೋಡೋ ಕೆಲಸ ಓಡ್ತಾನೇ ಇತ್ತು ಕಣೇ. ಗಂಟೆ ಹಾಗಲ್ಲ. ಹೊಡೆಯೋ ಪ್ರತಿ ಸಲ ಅದು ಹೊಸದಾಗಿ ಶುರುವಾಗ್ಬೇಕು, ಹೊಸ ಆವೃತ್ತಿ ಈ ಹಳೇದರ ಮೇಲೆ ಶುರುವಾಗೋದೇ ಇಲ್ಲ. ಇವನು ಹೂಂ ಅಂದಾಗ್ಲೇ ಸತ್ತೋಗಿದೆ.”

ನಾವು ಪ್ಲಗ್ ಕಾದಿದ್ದೆವು.

ಸಂಜೆ ಬೇರೆ ಕಂಪ್ಯೂಟರ್ ಬಂತು. ಗಂಟೆ ಹೊಡೆಸಿ ನೋಡಿದೆವು, ಚೆನ್ನಾಗಿಯೇ ಹೊಡೆಯಿತು. ಆದರೂ ನಾನು ಹೊಲಿಗೆ ಮಿಷನ್ನನ್ನು ಮಂಚದ ಪಕ್ಕಕ್ಕೆ ಎಳೆದು ತಂದೆ.

“ಈ ಗಲಾಟೇಲಿ ನಿದ್ದೆ ಹೇಗೆ ಬರುತ್ತೆ?” ಅಂದರು.

“ಬೈಕೊಂಡು ಬಿದ್ದಿರಿ,” ಅಂದೆ. “ನಿಮ್ಮ ದನಿ ಕೇಳ್ತಾ ಇರ್ಲಿ.”

ಬೈದರು. ಆಮೇಲೆ ಸುಮ್ಮನಾದರು. ನಾನು ತಕ್ಷಣ ಹೊಲಿಗೆ ನಿಲ್ಲಿಸಿ ತಿರುಗಿ ನೋಡಿದೆ.