ಒಂದೇ ದಿನ ಕೆಟ್ಟ ಏಳು ರೇಡಿಯೋಗಳು

ನಮ್ಮ ಬೀದಿಯಲ್ಲಿ ನನ್ನನ್ನು ಹೆಸರು ಹಿಡಿದು ಕರೆಯುವವರು ಕಡಿಮೆ. ಎಲ್ಲರಿಗೂ ನಾನು ಮಿನಿಸ್ಟರಮ್ಮ. ನನ್ನ ಗಂಡ ರೇಡಿಯೋ ರಿಪೇರಿ ಮಾಡುವವರು. ಮುಂದೆ ಅಂಗಡಿ, ಹಿಂದೆ ಎರಡು ಕೋಣೆಯ ಮನೆ. ಅಂಥವರ ಹೆಂಡತಿಗೆ ಈ ಪದವಿ ಬಂದದ್ದು ಹೀಗೆ: ನಮ್ಮ ಕ್ಷೇತ್ರದಿಂದ ಗೆದ್ದು ರಸ್ತೆ ಖಾತೆಯ ಮಂತ್ರಿಯಾದವರು, ಇನ್ನೂ ಬರೀ ವಕೀಲರಾಗಿದ್ದ ಕಾಲದಲ್ಲಿ, ನನ್ನನ್ನು ಮದುವೆಯಾಗುವ ಮಾತಿಗೆ ನಮ್ಮ ಮನೆಗೆ ಬಂದಿದ್ದರು. ಸಂಬಂಧ ಕೂಡಿಬರಲಿಲ್ಲ. ಅವರ ಕಡೆಯವರೇ ಬೇಡ ಅಂದರು ಎಂದು ಅಪ್ಪ ಎಲ್ಲರಿಗೂ ಹೇಳಿದರು. ಎಂಟು ತಿಂಗಳ ಮೇಲೆ ನನಗೂ ಇವರಿಗೂ ಮದುವೆಯಾಯಿತು.

ಬೇಡ ಅಂದದ್ದು ನಾನು. ಅದು ಗೊತ್ತಿದ್ದದ್ದು ಅಪ್ಪ, ಅಮ್ಮ, ನಾನು ಮೂವರಿಗೇ. ಬಂದ ಗಂಡನ್ನು ಒಲ್ಲೆ ಅಂದ ಹುಡುಗಿಯನ್ನು ಕೊಬ್ಬಿನವಳು ಅಂತಾರೆ, ಆಮೇಲೆ ಯಾರೂ ನಮ್ಮ ಬಾಗಿಲಿಗೆ ಬರುವುದಿಲ್ಲ ಎನ್ನುವ ಭಯ ಅಪ್ಪನಿಗೆ. ಮದುವೆಯಾದ ಮೇಲಾದರೂ ಗಂಡನಿಗೆ ಹೇಳಬಹುದಿತ್ತು. ಮೊದಮೊದಲು ಸಂಕೋಚ, ಆಮೇಲೆ ಅಭ್ಯಾಸ. ನಿಜ ಹೇಳಬೇಕೆಂದರೆ ಇನ್ನೂ ಒಂದು ಇತ್ತು. ಮಿನಿಸ್ಟರಮ್ಮ ಎಂದು ಕರೆಸಿಕೊಳ್ಳುವುದು ನನಗೆ ಒಳಗೊಳಗೇ ಹಿತವಾಗಿತ್ತು. ತರಕಾರಿ ಚೀಲ ಹಿಡಿದು ಬೀದಿ ದಾಟುವಾಗ ಯಾರಾದರೂ ಹಾಗೆ ಕೂಗಿದರೆ ಬೆನ್ನು ತಾನಾಗಿ ನೆಟ್ಟಗಾಗುತ್ತಿತ್ತು.

ಆ ತಮಾಷೆಗೆ ಎಲ್ಲರಿಗಿಂತ ಜೋರಾಗಿ ನಗುತ್ತಿದ್ದವರು ಇವರೇ. "ಅವರು ಬಿಟ್ಟಿದ್ದಕ್ಕೇ ಕಣ್ರಪ್ಪಾ ನನಗೆ ಸಿಕ್ಕಿದ್ದು" ಎನ್ನುತ್ತಿದ್ದರು. ನಕ್ಕಾದ ಮೇಲೆ ಭೂತಗನ್ನಡಿ ಕಣ್ಣಿಗೆ ಹಚ್ಚಿ, ಆಗಲೇ ಸರಿಯಾದ ರೇಡಿಯೋದೊಳಗೆ ತುಂಬ ಹೊತ್ತು ಇಣುಕುತ್ತಿದ್ದರು. ನಮ್ಮ ಇಪ್ಪತ್ತಾರು ವರ್ಷದ ಸಂಸಾರದಲ್ಲಿ ಎಷ್ಟೋ ಸಲ ಅದನ್ನು ನೋಡಿಯೂ ನಾನು ಅದೇನೆಂದು ಯೋಚಿಸಲಿಲ್ಲ.

ಚುನಾವಣೆಗೆ ನಾಲ್ಕು ತಿಂಗಳಿದ್ದಾಗ ಮಂತ್ರಿಮಂಡಲ ಬದಲಾಗುತ್ತದೆ ಎಂಬ ಸುದ್ದಿ ಬಂತು. ಮೊಬೈಲು ಇನ್ನೂ ಎಲ್ಲರ ಕೈಗೆ ಬಂದಿರಲಿಲ್ಲ. ಯಾವ ದೊಡ್ಡ ಸುದ್ದಿ ಇದ್ದರೂ ಇವರು ಅಂಗಡಿಯ ದೊಡ್ಡ ರೇಡಿಯೋವನ್ನು ಹೊಸ್ತಿಲ ಮೇಲೆ ತಂದಿಡುವುದು, ಬೀದಿಯವರು ಸ್ಟೂಲು, ಮೆಟ್ಟಿಲು ಹಿಡಿದು ಕೂರುವುದು ನಮ್ಮಲ್ಲಿ ರೂಢಿ. ಬೀದಿಯ ಅರ್ಧ ರೇಡಿಯೋಗಳು ಹೇಗೂ ನಮ್ಮ ಕಪಾಟಿನಲ್ಲೇ ಇರುತ್ತಿದ್ದವು.

ಹೊಸ ಮಂತ್ರಿಗಳ ಪಟ್ಟಿ ಓದುವ ದಿನ ಬೆಳಿಗ್ಗೆ ಇವರು ಕಾರಣವಿಲ್ಲದೆ, "ನಿನ್ನ ತಂಗಿ ಮನೆಗೆ ಹೋಗಿ ಬಾರೇ, ಬಹಳ ದಿನ ಆಯ್ತು" ಅಂದರು.

"ಮೊನ್ನೆ ತಾನೇ ಬಂದು ಹೋದಳಲ್ಲ?"

"ಬಂದದ್ದು ಅವಳು. ನೀನು ಹೋಗಿಲ್ಲವಲ್ಲ."

ನಾನು ಹೋಗಲಿಲ್ಲ. ಮಧ್ಯಾಹ್ನ ಒಂದೂಕಾಲಕ್ಕೆ ಜನ ಸೇರಿದರು. ಎದುರು ಮನೆಯ ಟೈಲರ್ ಅಕ್ಕ ಕುತ್ತಿಗೆಯಲ್ಲಿ ಟೇಪು ನೇತುಹಾಕಿಕೊಂಡೇ ಬಂದಳು.

"ಮಿನಿಸ್ಟರಮ್ಮಾ, ಇವತ್ತು ನಿಮ್ಮವರು ಇರ್ತಾರಾ, ಹೋಗ್ತಾರಾ?"

"ನಮ್ಮವರು ಇಲ್ಲೇ ಕೂತಿದ್ದಾರಲ್ಲಕ್ಕ, ಎಲ್ಲಿಗೆ ಹೋಗ್ತಾರೆ?"

"ಓಹೋ, ಮಾತು ನೋಡು! ಮನಸ್ಸು ಢವಢವ ಅಂತಿರಬೇಕು ಒಳಗೆ."

ಮೂಲೆಮನೆಯ ನಿವೃತ್ತ ಮೇಷ್ಟ್ರು ಕೊಡೆ ಮಡಿಸಿ ಗೋಡೆಗೆ ಒರಗಿಸಿದರು. "ಎಲೆಕ್ಷನ್ ಹತ್ತಿರ ಬಂದಾಗ ಮಂತ್ರಿ ಬದಲಾಯಿಸೋದು ಅಂದ್ರೆ, ಪರೀಕ್ಷೆ ಹಿಂದಿನ ದಿನ ಪುಸ್ತಕಕ್ಕೆ ಹೊಸ ರಟ್ಟು ಹಾಕಿದ ಹಾಗೆ. ಒಳಗಿರೋದು ಅದೇ ಪಾಠ."

"ನಮ್ಮೋರಿಗೆ ರಸ್ತೆ ಬಿಡಿಸಿ ನೀರಿನ ಖಾತೆ ಕೊಡ್ತಾರಂತೆ ಮೇಷ್ಟ್ರೇ" ಎಂದ ಪಕ್ಕದ ಕಟಿಂಗ್ ಶಾಪಿನವನು.

"ಕೊಡಲಿ ಬಿಡಪ್ಪ. ಗುಂಡಿ ಆಗಲೇ ತೋಡಿಟ್ಟಿದ್ದಾರೆ, ಇನ್ನು ನೀರು ತುಂಬಿಸಿದರೆ ಮುಗೀತು."

ಎಲ್ಲರೂ ನಕ್ಕರು. ಇವರು ನಗಲಿಲ್ಲ. "ದೊಡ್ಡ ರೇಡಿಯೋ ಕೆಟ್ಟಿದೆ" ಅಂದರು.

"ಮತ್ತೊಂದು ಹಾಕಿ. ಆ ನೀಲಿದು ನಂದೇ ಅಲ್ವಾ?" ಎಂದಳು ಟೈಲರ್ ಅಕ್ಕ.

"ಅದೂ ಕೆಟ್ಟಿದೆ. ಏಳೂ ಕೆಟ್ಟಿವೆ."

ಮೇಷ್ಟ್ರು ಕನ್ನಡಕ ತೆಗೆದರು. "ಏಳೂನಾ? ಆಸ್ಪತ್ರೇಲಿ ಒಬ್ಬನಾದ್ರೂ ಉಸಿರಾಡ್ತಿರಬೇಕಲ್ಲಪ್ಪ!"

ಇವರ ಕಿವಿ ಕೆಂಪಾಗಿತ್ತು. ಸುಳ್ಳು ಹೇಳಿದಾಗಲೆಲ್ಲ ಹಾಗೇ; ಇವರ ಹತ್ತಿರ ಸುಳ್ಳಿಗೆ ಬೇಕಾದ ಸಾಮಾನು ಯಾವತ್ತೂ ಇರಲಿಲ್ಲ. "ಹತ್ತು ನಿಮಿಷ ಕೊಡಿ, ನಾನು ನೋಡ್ತೀನಿ" ಎಂದು ನಾನು ಬಾಗಿಲು ಮುಂದೆ ಮಾಡಿದೆ. ಅಂಗಡಿಯಲ್ಲಿ ಕೈಜೋಡಿಸಿ ಜೋಡಿಸಿ ನನಗೂ ಅಷ್ಟಿಷ್ಟು ಬರುತ್ತಿತ್ತು.

ದೊಡ್ಡ ರೇಡಿಯೋದ ಹಿಂದಿನ ಹಲಗೆ ಬಿಚ್ಚಿದೆ. ಸ್ಪೀಕರಿಗೆ ಹೋಗುವ ತಂತಿಯ ಬೆಸುಗೆ ಬಿಟ್ಟಿತ್ತು. ಬಿಟ್ಟದ್ದಷ್ಟೇ ಅಲ್ಲ, ತಂತಿಯ ತುದಿಗೆ ಕಪ್ಪು ಟೇಪು ಸುತ್ತಿ, ಮಗುವಿನ ಜಡೆಯ ಹಾಗೆ ಮಡಿಸಿ ಪಕ್ಕಕ್ಕೆ ಕಟ್ಟಿತ್ತು. ನೀಲಿಯದನ್ನು ಬಿಚ್ಚಿದೆ. ಅಲ್ಲೂ ಅದೇ ಜಡೆ.

"ಇದೇನ್ರೀ?"

"ಯಾವುದು?"

"ಕೆಟ್ಟ ರೇಡಿಯೋದಲ್ಲಿ ತಂತಿ ತಾನೇ ಕಿತ್ತುಕೊಂಡು, ತಾನೇ ಟೇಪು ಸುತ್ತಿಕೊಂಡು ಕೂರುತ್ತಾ?"

ಇವರು ಸ್ಟೂಲಿನ ಮೇಲೆ ಕುಸಿದರು. ಕೂತದ್ದೇ ಕರಕರ ಸದ್ದಾಯಿತು. ಅಂಗಿಯೊಳಗಿನಿಂದ ಆ ದಿನದ ಪೇಪರು ಹೊರಬಂತು. "ಅವರನ್ನ ಕೈಬಿಡ್ತಾರೆ ಅಂತ ಇದರಲ್ಲಿ ಹಾಕಿದ್ದಾರೆ ಕಣೇ. ಇಡೀ ಬೀದಿ ಎದುರಿಗೆ ನೀನು ಮುಖ ಸಣ್ಣ ಮಾಡ್ಕೊಂಡು ನಿಲ್ಲೋದು ಬೇಡ ಅಂತ..." ಪೇಪರನ್ನು ಮತ್ತೆ ಮಡಿಸುತ್ತಾ, "ನಿನ್ನ ಮುಖ ಸಣ್ಣ ಆಗುತ್ತೋ ಇಲ್ವೋ ನೋಡೋಕೆ ನನಗೂ ಧೈರ್ಯ ಬರಲಿಲ್ಲ" ಅಂದರು.

ಭೂತಗನ್ನಡಿಯ ಹಿಂದೆ ಇಷ್ಟು ವರ್ಷ ಏನಿತ್ತೆಂದು ಆಗ ಗೊತ್ತಾಯಿತು. ಬೀದಿಗೆ ಒಂದು ತಮಾಷೆ, ನನಗೊಂದು ಹಿತ. ಅದರ ಭಾರ ಮಾತ್ರ ಇವರೊಬ್ಬರ ಮೇಲೆ. ನನಗೆ ನಾಚಿಕೆಯಾಯಿತು. ಮುಖ ನೋಡಿ ಹೇಳಲಾರೆ ಅನಿಸಿ, ಬೆಸುಗೆ ಹಾಕುವ ಕಡ್ಡಿಯನ್ನು ಕಾಯಲಿಟ್ಟೆ. ತಂತಿಯ ಟೇಪು ಬಿಚ್ಚುತ್ತಾ ಬಿಚ್ಚುತ್ತಾ ಹೇಳಿದೆ.

"ಅವರು ಬೇಡ ಅನ್ನಲಿಲ್ಲ ರೀ. ಬೇಡ ಅಂದಿದ್ದು ನಾನು."

ತಂತಿಯ ತುದಿಯನ್ನು ಸ್ಪೀಕರಿಗೆ ಹಿಡಿದು ಮಾತು ಮುಂದುವರಿಸಿದೆ.

"ಎರಡು ಗಂಟೆ ಕೂತು ಮಾತಾಡಿದ್ರು. ನನ್ನನ್ನ ಕೇಳಿದ್ದು ಒಂದೇ ಪ್ರಶ್ನೆ, 'ಕಾಫಿ ನೀವೇ ಮಾಡಿದ್ದಾ?' ಅಂತ. ಉತ್ತರ ಹೇಳೋಕೆ ಬಾಯಿ ತೆಗೀತಿದ್ದೆ, ಅಷ್ಟರಲ್ಲಿ ಅಪ್ಪನ ಹತ್ತಿರ ಬೇರೆ ಮಾತು ಶುರು. ಆಮೇಲೆ ನೀವು ನಮ್ಮನೆ ರೇಡಿಯೋ ರಿಪೇರಿಗೆ ಬಂದಿದ್ರಲ್ಲ, ಎಲ್ಲ ಮುಗಿಸಿ ನನ್ನ ಕಡೆ ತಿರುಗಿ, 'ಮುಳ್ಳು ಎಲ್ಲಿಗೆ ತಿರುಗಿಸಿಡಲಿ, ನೀವು ಯಾವ ಸ್ಟೇಷನ್ ಕೇಳ್ತೀರಿ?' ಅಂದ್ರಿ. ಉತ್ತರ ಬರೋವರೆಗೂ ಕಾದ್ರಿ. ನನಗೆ ನೆನಪಿದೆ, ನಾನು ತುಂಬ ಹೊತ್ತು ತೊಗೊಂಡಿದ್ದೆ."

ಬೆಸುಗೆಯ ಹೊಗೆ ಮೂಗಿಗೆ ಬಡಿಯಿತು. ಕಣ್ಣಲ್ಲಿ ನೀರು ಬಂದದ್ದು ಅದರಿಂದ ಎಂದುಕೊಳ್ಳಬಹುದಿತ್ತು.

ತಿರುಗಿ ನೋಡಿದರೆ ಇವರ ಬಾಯಿ ತೆರೆದೇ ಇದೆ. "ಮತ್ತೆ ನಾನು?" ಅಂದರು. "ನಾನು ಆ ಮನುಷ್ಯನಿಗೆ ಮೂರು ಸಲ ಓಟು ಹಾಕಿದ್ದೀನಲ್ಲೇ!"

"ಅವರ ಪಕ್ಷ ಕಂಡ್ರೆ ನಿಮಗೆ ಆಗಲ್ವಲ್ಲ?"

"ಆಗಲ್ಲ! ಆದ್ರೂ ಹಾಕಿದೆ. ನಿನ್ನನ್ನ ಬೇಡ ಅಂದು ನನಗೆ ಇಷ್ಟು ದೊಡ್ಡ ಉಪಕಾರ ಮಾಡಿದ್ದಾರೆ, ಒಂದು ಓಟಾದ್ರೂ ಕೊಡೋಣ ಅಂತ. ಮೂರು ಸಲ ಕಣೇ! ನೀನೂ ಹಾಕಿದ್ಯಾ?"

"ನಾನು ಒಂದು ಸಲವೂ ಹಾಕಿಲ್ಲ."

ಹೊರಗೆ ಟೈಲರ್ ಅಕ್ಕ ಬಾಗಿಲು ಬಡಿದಳು. "ರೀ, ಲಿಸ್ಟು ಓದಿ ಮುಗಿಸ್ತಾರೆ, ಒಳಗೇನು ಗಂಡ ಹೆಂಡತಿ ಸಂಸತ್ತು ನಡೆಸ್ತಿದ್ದೀರಾ?"

ದೊಡ್ಡ ರೇಡಿಯೋವನ್ನು ಹೊಸ್ತಿಲಿಗೆ ತಂದಿಟ್ಟೆವು. ಪಟ್ಟಿ ಅರ್ಧ ದಾಟಿತ್ತು. ರಸ್ತೆ ಖಾತೆಗೆ ಯಾರೋ ಹೊಸಬರ ಹೆಸರು ಬಂತು, ನೀರಿಗೆ ಇನ್ಯಾರೋ. ಕೊನೆಯವರೆಗೂ ಆ ಹೆಸರು ಬರಲಿಲ್ಲ. ಬೀದಿಗೆ ಬೀದಿಯೇ ನನ್ನ ಮುಖದ ಕಡೆ ತಿರುಗಿತು. ನಾನು ಇವರ ಮುಖ ನೋಡುತ್ತಿದ್ದೆ.

"ಪಾಪ, ಮಿನಿಸ್ಟರಮ್ಮನಿಗಿಂತ ಇವರಿಗೇ ಜಾಸ್ತಿ ಬೇಜಾರಾದ ಹಾಗಿದೆ" ಅಂದಳು ಟೈಲರ್ ಅಕ್ಕ.

ಇವರು ಎದ್ದು ನಿಂತರು. ಎಂದೂ ಯಾರ ಮುಂದೂ ದನಿ ಎತ್ತದವರು, "ಅವರು ಬಿಟ್ಟಿದ್ದಲ್ಲ ಕಣ್ರೀ, ಇವಳು ಬಿಟ್ಟಿದ್ದು!" ಎಂದು ಬೀದಿಯ ಕೊನೆಗೆ ಕೇಳುವಂತೆ ಹೇಳಿದರು. "ಇವಳೇ ಬೇಡ ಅಂದಿದ್ದು!"

 ಮೇಷ್ಟ್ರು ಕೊಡೆ ಎತ್ತಿಕೊಂಡು ನನಗೆ ಕೈಮುಗಿದರು. "ಹಾಗಾದ್ರೆ ಅವರನ್ನ ಮೊಟ್ಟಮೊದಲು ಕೈಬಿಟ್ಟವಳು ನೀನು ಅನ್ನು ತಾಯಿ. ಸರ್ಕಾರಕ್ಕೆ ಬುದ್ಧಿ ಬರೋಕೆ ಇಪ್ಪತ್ತಾರು ವರ್ಷ ಬೇಕಾಯ್ತು."

ಆ ನಗು ಬೀದಿ ತುಂಬಿತು. ಇವರೂ ನಕ್ಕರು. ನಕ್ಕಾದ ಮೇಲೆ ಭೂತಗನ್ನಡಿಯ ಕಡೆ ಕೈ ಹೋಗಲಿಲ್ಲ.

ಮಧ್ಯಾಹ್ನವಿಡೀ ಕೂತು ಉಳಿದ ಆರು ರೇಡಿಯೋಗಳ ಜಡೆ ಬಿಚ್ಚಿ ಬೆಸುಗೆ ಹಾಕಿದೆವು. ನಾನು ಟೇಪು ಬಿಡಿಸಿ ಕೊಡುವುದು, ಇವರು ತಂತಿ ಅಂಟಿಸುವುದು. ಕೊನೆಯದು ನನ್ನ ತಂಗಿಯದು. ಅದನ್ನು ಮುಚ್ಚಿ ಸ್ಕ್ರೂ ತಿರುಗಿಸುತ್ತಾ, ಇವರು ನನಗೂ ಅಲ್ಲದೆ, ರೇಡಿಯೋಗೂ ಅಲ್ಲದೆ, "ಮೂರು ಓಟು" ಎಂದು ಮತ್ತೊಮ್ಮೆ ಗೊಣಗಿದರು.