ಪರದೆಯ ಈಚೆ

ಹಲಗೆ ಬಡಿತದ ಸದ್ದು ನಿಂತಿತು, ಅಂದರೆ ದುರುಗಪ್ಪ ಡೇರೆಯ ಹತ್ತಿರ ಬಂದ, ಗಂಡನ ಕೈ ಸೋತದ್ದು ಯಮನಮ್ಮನಿಗೆ ನೋಡದೆಯೂ ತಿಳಿಯುತ್ತದೆ, ಸಂತೆಕಲ್ಲೂರು, ಗುರುಗುಂಟಾ ಎಲ್ಲ ತಿರುಗಿ ಡಂಗುರ ಸಾರಿದ್ದಾನೆ, ಲಿಂಗಸುಗೂರಾಗ ಸಿನಿಮಾ ಬಂದೈತ್ರೆಪೋ, ನಮ್ಮ ಮಸ್ಕಿಯಾಗ ತೆಗದ ಸಿನಿಮಾ, ಬರ್ರೆಪೋ — ಅದರಾಗ ನನ್ನ ಹೆಂಡ್ತಿ ಅದಾಳ ಅಂತ ಮಾತ್ರ ಎಲ್ಲೂ ಸಾರಲಿಲ್ಲ, ಬೇಡ ಅಂದವರು ಚಿತ್ರ ತೆಗೆದ ವಿರೂಪಾಕ್ಷಪ್ಪನವರೇ, ಮದ್ಲ ಜನ ಬರ್ಲಿ ದುರುಗಪ್ಪ, ಬಂದ ಮ್ಯಾಲ ತಾವ ನೋಡ್ತಾರ. ಗೋಡೆಗೋಡೆಗೂ ಅಂಟಿಸಿದ ಉರ್ದು ಇಷ್ತಿಹಾರಿನ, ಜಾಹೀರಾತಿನ ಹಾಳೆಯಲ್ಲೂ ಬರೀ ಒಂದು ಬಾವಿ, ಹೆಂಗಸಿಲ್ಲ. ಆ ಬಾವಿ — ಚಿತ್ರ ತೆಗೆಯಲೂ ಊರವರು ತಮ್ಮ ಬಾವಿ ಮುಟ್ಟಗೊಡಲಿಲ್ಲ, ಮಸ್ಕಿ ಗುಡ್ಡದ ಕೆಳಗೆ ಹೂಳು ತುಂಬಿದ ಬಾವಿಯೇ ಗತಿಯಾಯಿತು, ಕೊಡ ಇಳಸು, ಈಗ ಬೈತಾರ, ಈಗ ಕಲ್ಲು ಬೀಳ್ತಾವ, ಅಂಜಿದಂಗ ಮಾಡು ಯಮನಮ್ಮ, ಮಾಡೋದೇನ್ರೀ ಯಪ್ಪಾ, ಅದು ಬರ್ತೈತಿ ಅಂದಿದ್ದಳು, ಕ್ಯಾಮೆರಾದ ಹಿಂದೆ ವಿರೂಪಾಕ್ಷಪ್ಪ ನಗಲಿಲ್ಲ. ಕಲ್ಲೆಂದರೆ ಹತ್ತಿಯ ಉಂಡೆಗಳು, ಆದರೂ ಭುಜ ತಾನಾಗಿಯೇ ಕುಗ್ಗಿತ್ತು.

ಈಗ ಇಲ್ಲಿ, ಪರದೆಯ ಹಿಂದೆ, ಬಯಲಿನಲ್ಲಿ, ಕೇರಿಯವರೆಲ್ಲ ಇಲ್ಲೇ, ಡೇರೆಯ ಯಜಮಾನ ಬೆಳಿಗ್ಗೆಯೇ ಹೇಳಿಬಿಟ್ಟಿದ್ದ, ಅವರು ಹಿಂದ ಕುಂತು ನೋಡ್ಲಿ, ಇಲ್ಲಾಂದ್ರ ಆಟನ ಇಲ್ಲ, ವಿರೂಪಾಕ್ಷಪ್ಪ ತಲೆ ತಗ್ಗಿಸಿ ಹೂಂ ಅಂದದ್ದನ್ನು ಅವಳು ಕಣ್ಣಾರೆ ಕಂಡಳು, ಇಡೀ ಚಿತ್ರ ಈ ಮಡಿ ಮೈಲಿಗೆಯ ಮೇಲೆಯೇ ಅಲ್ಲವೇ, ಹಾಗಿದ್ದೂ ಹೂಂ ಅಂದರು. ಬೆಳಕು ಬಿತ್ತು. ಬಟ್ಟೆಯ ಮೇಲೆ ಅವಳೇ, ಗುಡಿಸಲಿಗಿಂತ ಎತ್ತರ, ಆದರೆ ಹಿಂದಿನಿಂದ ಎಲ್ಲ ಅದಲುಬದಲು, ಎಡಗೈ ಮುಂದಾಗಿ ಹಗ್ಗ ಸೇದುತ್ತಾಳೆ, ಮೂಗುತಿಯೂ ಆಚೆ ಬದಿಗೆ, ಇಕಿ ನಾ ಅಲ್ಲ, ನಾ ಹಿಂಗ ಸೇದಂಗಿಲ್ಲ — ಎದ್ದಳು. ಎಲ್ಲಿಗೆ ಬೇ, ದುರುಗಪ್ಪನ ಗಾಬರಿ. ನನ್ನ ನಾ ನೋಡಾಕ.

ಡೇರೆಯ ಹಗ್ಗ ದಾಟಿದಳು, ಹೆಂಗಸರ ಚಾಪೆಯ ತುದಿ ಸಿಕ್ಕಿತು, ಕುಳಿತಳು. ಯಾರಕಿ, ಎಬ್ಬಸ್ರೆಪೋ ಆಕೀನ, ಯಜಮಾನ ಓಡಿ ಬಂದ, ಏಳಬೇ, ಹೊರಗ ನಡಿ, ಅಷ್ಟರಲ್ಲಿ ಚಿತ್ರದ ಯಂತ್ರದ ಹಿಡಿ ತಿರುಗಿಸುತ್ತಿದ್ದ ಶಾವಲಿ ದೀಪ ಮುಚ್ಚಿ ಕೈ ಬಿಟ್ಟ, ಕತ್ತಲು, ಕತ್ತಲಲ್ಲಿ ಅವನ ದನಿ, ಆಕಿ ಕುಂತ್ರ ತಿರುವ್ತೀನಿ, ಎಬ್ಬಿಸಿದ್ರ ನಾನೂ ಹೊಂಟೆ, ನೀವ ತಿರುವ್ಕೋರ್ರಿ. ವಿರೂಪಾಕ್ಷಪ್ಪನ ದನಿ ತಡವಾಗಿ ಬಂತು, ಬಂತಲ್ಲ, ಕುಂದ್ರಲಿ ಬಿಡ್ರಿ, ಚಿತ್ರದಾಗಿನ ಹೆಣ್ಮಗಳು ಆಕೀನ. ಅರ್ಧ ಡೇರೆ ಎದ್ದು ಹೋಯಿತು, ಉಳಿದವರು ನೋಡುವ ಆಸೆಗೆ ಉಳಿದರು. ಮತ್ತೆ ಬೆಳಕು, ಮತ್ತೆ ಬಾವಿ, ಈಗ ಬಲಗೈ ಮುಂದೆ, ಹೌದು, ಇದು ನಾನು, ಇದು ನನ್ನ ಕೈ — ಪಕ್ಕದಲ್ಲಿ ಯಾರೋ ಬಿಕ್ಕುತ್ತಿದ್ದಾರೆ, ಅಯ್ಯ ಪಾಪ, ಒಂದ್ ಕೊಡ ನೀರಿಗೆ ಹಿಂಗ ಹೊಡೀತಾರೇನ, ದೊಡ್ಡ ಮನೆಯ ಹೆಂಗಸು, ಪರದೆಯಿಂದ ಕಣ್ಣು ಕೀಳದೆ ಅಳುತ್ತಾಳೆ, ಒಂದು ಕೈಯಲ್ಲಿ ಕಣ್ಣೊರೆಸಿಕೊಂಡು ಇನ್ನೊಂದು ಕೈಯಲ್ಲಿ ಸೀರೆಯ ಅಂಚನ್ನು ಎಳೆದು ಮೊಣಕಾಲ ಕೆಳಗೆ ಸಿಕ್ಕಿಸಿಕೊಂಡಳು, ಯಮನಮ್ಮನಿಗೆ ತಾಗದಂತೆ. ಪರದೆಯ ಮೇಲೆ ಕಲ್ಲು ಬಿತ್ತು, ಅಯ್ಯ ಪಾಪ, ಅಂಚು ಇನ್ನಷ್ಟು ಒಳಕ್ಕೆ, ಭುಜ ಕುಗ್ಗಿತು, ಅಂಚು, ಕೊಡ ಉರುಳಿತು, ಮೊಣಕಾಲ ಕೆಳಗೆ ಬಿಗಿಯಾಗಿ ಮಡಚಿದ ಹಸಿರು ಅಂಚು —